ದೇವರ ಮುಂದೆ ಯಾವ ಹಾಡು? ಕರಾವಳಿಯ ಕ್ರೈಸ್ತ ಹಾಡಿನ ನಾನೂರು ವರ್ಷದ ಕತೆ

ನಮ್ಮ ಕಾಸರಗೋಡು ಕಡೆಯ ಹಳ್ಳಿಗಳಲ್ಲಿ ಶನಿವಾರ ಸಂಜೆ ಭಜನಾ ಮಂದಿರದಿಂದ ತಾಳದ ಸದ್ದು, ಭಾನುವಾರ ಬೆಳಿಗ್ಗೆ ಇಗರ್ಜಿಯಿಂದ ಹಾಡಿನ ಸದ್ದು ಕೇಳಿಬರುವುದು ಹೊಸದೇನಲ್ಲ. ಈಗ ಎರಡೂ ಕಡೆ ಒಂದೇ ಚರ್ಚೆ ಉಂಟು. ದೇವರ ಮುಂದೆ ಯಾವ ಹಾಡು ಹಾಡಬೇಕು? ಸಿನಿಮಾದ ಧಾಟಿಗೆ ಭಕ್ತಿಯ ಮಾತು ಕೂರಿಸಿದರೆ ಆಗ್ತದಾ? ಮೊಬೈಲಿನಲ್ಲಿ ಸಿಕ್ಕಿದ ತಾಳ ಹಚ್ಚಿ ಹಾಡಿದರೆ ಸಾಕಾ? ಹಳೆಯ ಪುಸ್ತಕದ ಹಾಡು ಬಿಟ್ಟರೆ ಏನು ನಷ್ಟ?

ನಾನು ಬಹಳ ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಕಲಿಸಿದವ. ಇಗರ್ಜಿಗೆ ಸೇರಿದವನಲ್ಲ. ಆದರೆ ಅಲ್ಲಿಯ ಹಾಡಿನ ತಂಡದವರಲ್ಲಿ ಕೆಲವರು ನನ್ನ ಹಳೆಯ ವಿದ್ಯಾರ್ಥಿಗಳು. ಹಬ್ಬದ ಮೊದಲು ಹಾಡಿನ ಚೀಟಿ ಹಿಡಿದುಕೊಂಡು ಬರ್ತಾರೆ, “ಮಾಷ್ಟ್ರೇ, ಕನ್ನಡ ಒಮ್ಮೆ ನೋಡಿ ಕೊಡಿ” ಅಂತಾರೆ. ಅಕ್ಷರ ತಿದ್ದಬಹುದು. ಆದರೆ ಅವರು ಅಷ್ಟಕ್ಕೇ ನಿಲ್ಲುವುದಿಲ್ಲ, “ಈ ಹಾಡು ಹಾಡಬಹುದಾ?” ಅಂತಲೂ ಕೇಳ್ತಾರೆ. ಅದನ್ನು ಹೇಳಬೇಕಾದವರು ಅವರ ಸಭೆಯವರು. ನಾನು ಹೇಳಬಹುದಾದದ್ದು ಇತಿಹಾಸ. ಇದೇ ಪ್ರಶ್ನೆಯನ್ನು ಹಿಂದಿನವರು ಹೇಗೆ ಎದುರಿಸಿದರು, ಯಾವುದು ಉಳಿಯಿತು, ಯಾವುದು ಹೋಯಿತು ಅನ್ನುವ ಕತೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು. ಈ ಚರ್ಚೆ ನಮ್ಮ ಊರಲ್ಲಿ ಹುಟ್ಟಿದ್ದಲ್ಲ, ಮೊಬೈಲಿನಿಂದ ಹುಟ್ಟಿದ್ದೂ ಅಲ್ಲ. ಸಾವಿರದ ಆರುನೂರು ವರ್ಷಗಳ ಹಿಂದೆಯೇ ಸಂತ ಆಗಸ್ಟೀನ್ ತನ್ನ ಆತ್ಮಕತೆಯಲ್ಲಿ ಇದೇ ಸಂಕಟ ತೋಡಿಕೊಂಡಿದ್ದಾನೆ. ಹಾಡು ಕೇಳಿದಾಗ ಮನಸ್ಸು ಕರಗುವುದು ನಿಜ, ಆದರೆ ಅದು ಕರಗಿದ್ದು ದೇವರ ಮಾತಿಗೋ ಬರೀ ಸ್ವರದ ಸವಿಗೋ ಎಂಬುದು ಅವನ ಅನುಮಾನ. ಹಾಡನ್ನೇ ಬಿಟ್ಟರೆ ಒಳ್ಳೆಯದೋ ಎಂದೂ ಯೋಚಿಸಿದ, ಕೊನೆಗೆ ಬಿಡಲಿಲ್ಲ. ಹದಿನಾರನೆಯ ಶತಮಾನದಲ್ಲಿ ಯುರೋಪಿನ ಕ್ರೈಸ್ತರು ಒಡೆದು ಬೇರೆಯಾದಾಗ ಇದೇ ಪ್ರಶ್ನೆ ಮತ್ತೆ ಎದ್ದಿತು. ಜರ್ಮನಿಯ ಲೂಥರ್ ಜನರ ಬಾಯಿಗೆ ಜನರ ಭಾಷೆಯ ಹಾಡು ಕೊಟ್ಟ. 1524ರಲ್ಲಿ ಬಂದ ಮೊದಲ ಚಿಕ್ಕ ಹಾಡಿನ ಪುಸ್ತಕದಲ್ಲಿ ಇದ್ದದ್ದು ಬರೇ 8 ಹಾಡು. ಜ್ಯೂರಿಚ್ ಪಟ್ಟಣದ ಜ್ವಿಂಗ್ಲಿ ಹಲವು ವಾದ್ಯ ನುಡಿಸಬಲ್ಲ ಸಂಗೀತಗಾರ, ಆದರೂ ಆರಾಧನೆಯಲ್ಲಿ ಹಾಡೇ ಬೇಡ ಅಂದುಬಿಟ್ಟ. 1527ರಲ್ಲಿ ಅಲ್ಲಿಯ ದೊಡ್ಡ ಇಗರ್ಜಿಯ ಆರ್ಗನ್ ವಾದ್ಯವನ್ನು ಕಳಚಿ ಹಾಕಿದರು. ಆ ಊರಿನ ಆರಾಧನೆಗೆ ಹಾಡು ಮರಳಿ ಬರಬೇಕಾದರೆ 1598 ಆಯಿತು. ಎರಡು ತಲೆಮಾರು ಹಾಡಿಲ್ಲದೆ ಕಳೆಯಿತು ಅಂತ ಲೆಕ್ಕ.

ಇನ್ನು ನಮ್ಮ ಕಡೆಗೆ ಬರುವ. ನಮ್ಮ ಕತೆ ಗೋವೆಯಿಂದ ಶುರುವಾಗಬೇಕು, ಯಾಕಂದರೆ ಮಂಗಳೂರು, ಮಂಜೇಶ್ವರ, ಬೇಳ, ಕಯ್ಯಾರು ಕಡೆಯ ಕೊಂಕಣಿ ಕ್ರೈಸ್ತರ ಹಿರಿಯರು ಹೆಚ್ಚಿನವರು ಅಲ್ಲಿಂದ ದಕ್ಷಿಣಕ್ಕೆ ಇಳಿದು ಬಂದವರು. 1579ರಲ್ಲಿ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ ಗೋವೆಗೆ ಬಂದ. ಅಲ್ಲಿ ಹೊಸದಾಗಿ ಕ್ರೈಸ್ತರಾದವರಿಗೆ ಒಂದು ದೊಡ್ಡ ಕೊರತೆ ಇತ್ತು. ಮೊದಲು ಅವರಿಗೆ ಪುರಾಣ ಓದುವ, ಕೇಳುವ, ಹಾಡುವ ಅಭ್ಯಾಸ ಇತ್ತು. ಅದು ನಿಂತಿತು, ಬದಲಿಗೆ ಏನೂ ಸಿಗಲಿಲ್ಲ. ಸ್ಟೀಫನ್ಸ್ ಇದನ್ನು ಅರ್ಥ ಮಾಡಿಕೊಂಡು ಮರಾಠಿಗೆ ಕೊಂಕಣಿ ಬೆರೆಸಿದ ಭಾಷೆಯಲ್ಲಿ, ಅಲ್ಲಿಯ ಜನರಿಗೆ ಪರಿಚಯವಿದ್ದ ಓವಿ ಛಂದಸ್ಸಿನಲ್ಲೇ, ಹತ್ತು ಸಾವಿರಕ್ಕೂ ಹೆಚ್ಚು ಪದ್ಯಗಳ ‘ಕ್ರಿಸ್ತಪುರಾಣ’ ಬರೆದ. ಅದು 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಹೊರದೇಶದ ಪಾದ್ರಿ ಹೊರದೇಶದ ಧಾಟಿ ತರಲಿಲ್ಲ, ಊರಿನ ಧಾಟಿಯನ್ನೇ ಹಿಡಿದ. ಕೇಳುವವನಿಗೆ ಕತೆ ಹೊಸತಾದರೂ ಕಿವಿಗೆ ಹಾಡು ಹಳೆಯದು.

ಆಮೇಲೆ ಗಾಳಿ ತಿರುಗಿತು. 1684ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಒಂದು ಆಜ್ಞೆ ಹೊರಡಿಸಿದ: ಮೂರು ವರ್ಷದೊಳಗೆ ಜನ ತಮ್ಮ ಭಾಷೆ ಬಿಟ್ಟು ಪೋರ್ಚುಗೀಸ್ ಆಡಬೇಕು. 1736ರಲ್ಲಿ ಗೋವೆಯ ಧರ್ಮವಿಚಾರಣೆಯ ನ್ಯಾಯಾಲಯ ಮದುವೆ ಮನೆಯ ಹಾಡುಗಳ ಮೇಲೂ ಕಣ್ಣಿಟ್ಟು ‘ವೊವಿಯೊ’ ಎಂಬ ಹೆಂಗಸರ ಸೋಬಾನೆಯನ್ನು ಹಾಡಕೂಡದು ಅಂದಿತು. ಆಜ್ಞೆ ಹೊರಡಿಸಿದವರು ಹೋದರು, ಆ ನ್ಯಾಯಾಲಯವೂ ಹೋಯಿತು. ವೊವಿಯೊ ಮಾತ್ರ ಹೋಗಲಿಲ್ಲ. ಇವತ್ತಿಗೂ ನಮ್ಮ ಕಡೆ ಕೊಂಕಣಿ ಕ್ರೈಸ್ತರ ಮದುವೆಯ ಮುನ್ನಾದಿನದ ‘ರೋಸ್’ ಶಾಸ್ತ್ರಕ್ಕೆ ಹೋದರೆ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ ಹಿರಿಯ ಹೆಂಗಸರ ಬಾಯಿಂದ ಅದನ್ನು ಕೇಳಬಹುದು. ಕ್ರಿಸ್ತಪುರಾಣದ ಕತೆಯೂ ಹೀಗೆಯೇ. ಹಳೆಯ ಅಚ್ಚಿನ ಪ್ರತಿಗಳು ಒಂದೂ ಸಿಗಲಿಲ್ಲ. ಆದರೆ ಕೈಬರಹದ ಪ್ರತಿಗಳು ಉಳಿದಿದ್ದವು. ಅವನ್ನು ಹೋಲಿಸಿ ನೋಡಿ ಜೋಸೆಫ್ ಸಲ್ಡಾನ್ಹಾ ಎಂಬವರು 1907ರಲ್ಲಿ ಮಂಗಳೂರಿನಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿದರು.

ಇದರಲ್ಲಿ ಒಂದು ಪಾಠ ಉಂಟು. ಜನರ ಕಿವಿಗೂ ಬಾಯಿಗೂ ಹೊಂದಿದ ಹಾಡನ್ನು ಆಜ್ಞೆಯಿಂದ ಅಳಿಸಲಿಕ್ಕೆ ಆಗಲಿಲ್ಲ.

ಎರಡನೆಯ ಕತೆ ಕನ್ನಡದ್ದು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. 1841ರಲ್ಲಿ ಅವರ ಮುದ್ರಣಾಲಯ ಶುರುವಾಯಿತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ, ಅದು ಕನ್ನಡದ ಮೊದಲ ಪತ್ರಿಕೆ ಅಂತ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಇವರು ಬರುವಾಗ ಜರ್ಮನ್ ಕೀರ್ತನೆಗಳ ಧಾಟಿಯನ್ನೂ ಕಟ್ಟಿಕೊಂಡು ಬಂದರು. ಅದು ಅವರು ತಾಯಿಯ ಮಡಿಲಲ್ಲಿ ಕೇಳಿದ ಹಾಡು, ಬಿಟ್ಟು ಬರಲಿಕ್ಕೆ ಆಗುವುದಿಲ್ಲ. ಆ ಧಾಟಿಗೆ ಕನ್ನಡದ ಮಾತು ಕೂರಿಸಿ ಹಾಡಿಸಿದರು.

ಇಲ್ಲಿ ಒಂದು ತೊಡಕು ಬಂತು. ಕನ್ನಡ ಮಾಷ್ಟ್ರಾದ ನನಗೆ ಇದು ಬಹಳ ಇಷ್ಟದ ವಿಷಯ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೇನೆ. ಜರ್ಮನ್, ಇಂಗ್ಲಿಷ್ ಭಾಷೆಯ ಪದ್ಯ ನಡೆಯುವುದು ಒತ್ತಿನ ಮೇಲೆ. ಒಂದು ಅಕ್ಷರವನ್ನು ಒತ್ತಿ ಹೇಳು, ಇನ್ನೊಂದನ್ನು ಹಗುರ ಬಿಡು, ಅಷ್ಟೆ. ಕನ್ನಡದ ಪದ್ಯ ನಡೆಯುವುದು ಮಾತ್ರೆಯ ಮೇಲೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಮ್ಮಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬೇರೆ. ಉದ್ದ ಸ್ವರ ಇರುವ ಕಡೆ ‘ಬಲ’ ಎಂಬ ಮಾತು ಬಿದ್ದರೆ ಎಳೆಯುವಾಗ ಅದು ‘ಬಾಲ’ ಆಗ್ತದೆ. ಭಕ್ತ ದೇವರಲ್ಲಿ ಬಲ ಕೊಡು ಎಂದು ಬೇಡ್ತಾನೆ, ಕೇಳಿಸುವುದು ಬಾಲ ಕೊಡು ಅಂತ! ‘ಮನ’ ಎಳೆದರೆ ‘ಮಾನ’, ‘ನಡು’ ಎಳೆದರೆ ‘ನಾಡು’. ಒತ್ತು ಜೋರಾದರೆ ಇನ್ನೊಂದು ಅಪಾಯ: ‘ಕತೆ’ ಹೋಗಿ ‘ಕತ್ತೆ’. ಇನ್ನೂ ಒಂದು ಸಂಗತಿ ನೋಡಿ. ಯುರೋಪಿನ ಎಷ್ಟೋ ಕೀರ್ತನೆಗಳು ಹಗುರ ಅಕ್ಷರದಿಂದ ಎತ್ತಿಕೊಂಡು ಎರಡನೆಯದರ ಮೇಲೆ ಭಾರ ಹಾಕ್ತವೆ. ಕನ್ನಡದ ಮಾತು ಮೊದಲ ಅಕ್ಷರದಲ್ಲೇ ಕಾಲೂರಿ ನಿಲ್ಲುವಂಥದ್ದು. ಹಾಗಾಗಿ ಮಾತು ಒಂದು ಕಡೆ ಎಳೆದರೆ ರಾಗ ಇನ್ನೊಂದು ಕಡೆ ಎಳೀತದೆ. ಭಾಷಾಂತರದಲ್ಲಿ ತಪ್ಪಿಲ್ಲ, ವ್ಯಾಕರಣ ಸರಿ ಉಂಟು, ಆದರೂ ಹಾಡು ಪರಕೀಯ ಅನ್ನಿಸುವುದು ಇದರಿಂದಲೇ.

ಮಿಷನ್ನಿನವರಲ್ಲಿ ಕೆಲವರಿಗೆ ಇದು ಗೊತ್ತಾಗಿತ್ತು. ಮೊಗ್ಲಿಂಗ್ ಕನ್ನಡದ ಹಳೆಯ ಕಾವ್ಯಗಳನ್ನು ಅಚ್ಚು ಹಾಕಿಸಿದ, 1850ರಲ್ಲಿ ದಾಸರ ಪದಗಳನ್ನೂ ಸಂಗ್ರಹಿಸಿ ಪ್ರಕಟಿಸಿದ. ಒಬ್ಬ ಕ್ರೈಸ್ತ ಪಾದ್ರಿ ಪುರಂದರ, ಕನಕರ ಹಾಡು ಅಚ್ಚು ಹಾಕಿಸುವುದೆಂದರೆ ಸಣ್ಣ ಮಾತಲ್ಲ. ಈ ಜನರ ಬಾಯಲ್ಲಿ ಹಾಡು ಹೇಗೆ ಕೂರ್ತದೆ ಎಂಬುದನ್ನು ತಿಳಿಯಲಿಕ್ಕೆ ಅದಕ್ಕಿಂತ ಒಳ್ಳೆಯ ಪಾಠಪುಸ್ತಕ ಬೇರೆ ಇರಲಿಲ್ಲ. ಅವನ ನಂತರ ಬಂದ ಫರ್ಡಿನಾಂಡ್ ಕಿಟೆಲ್ ಇನ್ನೂ ಮುಂದೆ ಹೋದ. 1862ರಲ್ಲಿ ಅವನು ಯೇಸುವಿನ ಚರಿತ್ರೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿ ಪದ್ಯ ಮಾಡಿ ‘ಕಥಾಮಾಲೆ’ ಎಂದು ಹೊರತಂದ. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದ. 1894ರ ಅವನ ನಿಘಂಟು ನಮ್ಮ ಶಾಲೆಗಳ ಕಪಾಟಿನಲ್ಲೂ ಉಂಟು. ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು, ಕನ್ನಡದ ಲಘು ಗುರು ಕಲಿತು ಪದ್ಯ ಕಟ್ಟಿದ ಕಿಟೆಲ್ ಹೆಚ್ಚಿನವರಿಗೆ ಗೊತ್ತಿಲ್ಲ.

ಬೇರೆ ಗಡಿಗಳಲ್ಲಿಯೂ ಇಂಥದ್ದೇ ನಡೆದಿತ್ತು. ತಮಿಳುನಾಡಿನ ತಂಜಾವೂರಿನಲ್ಲಿ ವೇದನಾಯಗಂ ಶಾಸ್ತ್ರಿಯಾರ್ ಎಂಬ ಕ್ರೈಸ್ತ ಕವಿ ಇದ್ದರು. ಅರಸ ಸರ್ಫೋಜಿಯೂ ಇವರೂ ಒಬ್ಬನೇ ಪಾದ್ರಿಯ ಬಳಿ ಕಲಿತವರು. ಜನಪದದ ಕುರವಂಜಿ ಎಂಬ ಆಟದ ರೂಪದಲ್ಲಿ ಕ್ರೈಸ್ತ ಕಾವ್ಯ ಬರೆದರು, ಕರ್ನಾಟಕ ಸಂಗೀತದ ರಾಗತಾಳದಲ್ಲಿ ಕೀರ್ತನೆ ಕಟ್ಟಿದರು. 1820ರ ದಶಕದಲ್ಲಿ ಹೊಸದಾಗಿ ಬಂದ ಕೆಲವು ಮಿಷನರಿಗಳು ಇಂಥ ಹಾಡು ಆರಾಧನೆಗೆ ತಕ್ಕದ್ದಲ್ಲ ಎಂದು ತಕರಾರು ತೆಗೆದರು. ಅವರು ಸುಮ್ಮನೆ ಕೂರಲಿಲ್ಲ, ಉತ್ತರ ಬರೆದರು. ಆ ಕೀರ್ತನೆಗಳನ್ನು ತಮಿಳು ಕ್ರೈಸ್ತರು ಇಂದಿಗೂ ಹಾಡ್ತಾರೆ. ಇನ್ನು ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರಿಗೆ ಮರಾಠಿಯ ನಾರಾಯಣ ವಾಮನ ಟಿಳಕರ ಹೆಸರು ಕೇಳಿ ಗೊತ್ತಿರಬಹುದು. 1895ರಲ್ಲಿ ದೀಕ್ಷೆ ಪಡೆದ ಈ ಕವಿ ತುಕಾರಾಮನ ಅಭಂಗದ ದಾರಿಯಲ್ಲೇ ಕ್ರಿಸ್ತಭಕ್ತಿಯ ಹಾಡು ಬರೆದರು. ಮರಾಠಿ ಕ್ರೈಸ್ತರ ಹಾಡಿನ ಪುಸ್ತಕದಲ್ಲಿ ಅವರವು ಬಹಳಷ್ಟು ಉಂಟು.

ಇತ್ತ ರೋಮಿನಲ್ಲಿ ಏನಾಯಿತು? ನಮ್ಮ ಕಡೆಯ ಕಥೋಲಿಕರಿಗೆ ಅಲ್ಲಿಯ ಮಾತೇ ಕಾನೂನು. 1562ರಲ್ಲಿ ಟ್ರೆಂಟಿನ ಸಭೆ ಆರಾಧನೆಯ ಸಂಗೀತದಲ್ಲಿ ಕೀಳು ರುಚಿಯದ್ದು ಏನೂ ಸೇರಬಾರದು ಅಂದಿತು. 1903ರ ನವೆಂಬರಿನಲ್ಲಿ ಹತ್ತನೆಯ ಪಯಸ್ ಪೋಪರು ಕಟ್ಟುನಿಟ್ಟಿನ ನಿಯಮ ತಂದರು. ಆಗ ಇಟಲಿಯ ಇಗರ್ಜಿಗಳಲ್ಲಿ ನಾಟಕಶಾಲೆಯ ಶೈಲಿಯ ಹಾಡು ನುಗ್ಗಿತ್ತು. ಅದನ್ನು ತಡೆಯಲಿಕ್ಕೆ ಪಿಯಾನೋ, ಡೋಲು, ಜಾಗಟೆಯಂಥ ವಾದ್ಯಗಳು ಇಗರ್ಜಿಯ ಒಳಗೆ ಬೇಡ ಅಂದರು. ಮುಂದೆ 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಸಭೆಯ ಶಾಸನ ಬಂತು. ಲ್ಯಾಟಿನ್ನಿನ ಜೊತೆಗೆ ಜನರ ಭಾಷೆಗೂ ಬಾಗಿಲು ತೆರೆಯಿತು. ಪ್ರತಿ ಜನಾಂಗದ ಸ್ವಂತ ಸಂಗೀತಕ್ಕೆ ಗೌರವದ ಜಾಗ ಕೊಡಬೇಕು ಅಂತಲೂ ಅದರಲ್ಲಿ ಬರೆದರು. ಕರಾವಳಿಯ ಇಗರ್ಜಿಗಳಲ್ಲಿ ಪೂಜೆಯ ಮಾತು ಕೊಂಕಣಿ, ಕನ್ನಡಕ್ಕೆ ತಿರುಗಿದ್ದು ಆ ಮೇಲೆ. ಸ್ಟೀಫನ್ಸ್ ಪಾದ್ರಿ 1616ರಲ್ಲಿ ಹಿಡಿದ ದಾರಿಗೆ ರೋಮಿನ ಇಂಥ ಒಪ್ಪಿಗೆ ಬೀಳಲಿಕ್ಕೆ ಮುನ್ನೂರ ನಲವತ್ತೇಳು ವರ್ಷ ಬೇಕಾಯಿತು.

ಹಾಗಂತ “ನಮ್ಮದು ಎಲ್ಲ ಒಳ್ಳೆಯದು, ಹೊರಗಿನದು ಎಲ್ಲ ಬೇಡ” ಅಂತ ತೀರ್ಮಾನ ಮಾಡಿದರೆ ಇತಿಹಾಸ ಒಪ್ಪುವುದಿಲ್ಲ. ಹಾರ್ಮೋನಿಯಂ ನೋಡಿ. ಅದು ಫ್ರಾನ್ಸಿನಲ್ಲಿ 1840ರ ಹೊತ್ತಿಗೆ ರೂಪುಗೊಂಡ ವಾದ್ಯ. ಹಡಗು ಹತ್ತಿ ಇಲ್ಲಿಗೆ ಬಂತು, ಕಲ್ಕತ್ತಾದವರು ನೆಲದ ಮೇಲೆ ಕೂತು ಬಾರಿಸುವ ಹಾಗೆ ಅದನ್ನು ಬದಲಿಸಿದರು. ನಮ್ಮ ಗಮಕಕ್ಕೆ ಅದು ಹೊಂದುವುದಿಲ್ಲ ಎಂದು ಆಕಾಶವಾಣಿ 1940ರಿಂದ 1971ರ ತನಕ ಅದನ್ನು ಹೊರಗಿಟ್ಟಿತ್ತು. ಇವತ್ತು ಹಾರ್ಮೋನಿಯಂ ಇಲ್ಲದ ಭಜನಾ ಮಂದಿರ ತೋರಿಸಿ ನೋಡುವ! ಇಗರ್ಜಿಯಲ್ಲೂ ಅದು ಉಂಟು. ಹೊರಗಿನಿಂದ ಬಂದದ್ದು ದುಡಿದು ಮನೆಯದ್ದಾಯಿತು.

ಸಿನಿಮಾ ಧಾಟಿಯ ಪ್ರಶ್ನೆಗೂ ಇತಿಹಾಸದಲ್ಲಿ ಉತ್ತರ ಹುಡುಕಬಹುದು. ಜರ್ಮನಿಯಲ್ಲಿ 1601ರಲ್ಲಿ ಹಾನ್ಸ್ ಲಿಯೋ ಹಾಸ್ಲರ್ ಒಂದು ಪ್ರೇಮಗೀತೆ ಅಚ್ಚು ಹಾಕಿಸಿದ. ಪ್ರಿಯತಮೆಯಿಂದ ತನ್ನ ಮನಸ್ಸು ಕದಡಿತು ಎಂಬ ಹಾಡು. ಹನ್ನೆರಡು ವರ್ಷಗಳ ಮೇಲೆ ಅದರ ಧಾಟಿ ಸಾವಿನ ಹೊತ್ತಿನ ಕೀರ್ತನೆಗೆ ಹೋಯಿತು. 1656ರಲ್ಲಿ ಶಿಲುಬೆಯ ಮೇಲಿನ ಕ್ರಿಸ್ತನ ಗಾಯಗೊಂಡ ತಲೆಯನ್ನು ಕುರಿತ ಹಾಡಿಗೆ ಅದೇ ಧಾಟಿ ಸೇರಿತು. ಮುಂದೆ ಬಾಖ್ ತನ್ನ ‘ಸಂತ ಮತ್ತಾಯನ ಪಾಡು’ ಎಂಬ ದೊಡ್ಡ ಕೃತಿಯಲ್ಲಿ ಅದನ್ನೇ ಮತ್ತೆ ಮತ್ತೆ ತಂದ. ಇವತ್ತು ಅದನ್ನು ಕೇಳಿದವರಿಗೆ ಶುಭ ಶುಕ್ರವಾರವೇ ನೆನಪಾಗ್ತದೆ, ಪ್ರೇಮಗೀತೆ ಯಾರಿಗೂ ನೆನಪಾಗುವುದಿಲ್ಲ. ಆದರೆ ಇದನ್ನು ನೆಪ ಮಾಡಿ “ಅವರು ಮಾಡಿದರು, ನಾವೂ ಮಾಡುವ” ಅಂತ ಹೊರಡುವ ಮೊದಲು ಎರಡು ವಿಷಯ ಗಮನಿಸಬೇಕು. ಧಾಟಿಯ ನಡೆಯನ್ನು ಅವರು ನಿಧಾನ ಮಾಡಿ, ಸಮ ಮಾಡಿ, ಸಭೆ ಹಾಡುವಂತೆ ಬದಲಿಸಿದರು. ಹಳೆಯ ಮಾತು ಮರೆತುಹೋಗಲಿಕ್ಕೆ ಕಾಲವೂ ಸಿಕ್ಕಿತು. ಹೋದ ತಿಂಗಳು ಬಂದ ಸಿನಿಮಾದ ಹಾಡಿಗೆ ಆ ಕಾಲ ಸಿಕ್ಕಿಲ್ಲ. ಧಾಟಿ ಎತ್ತಿದ ಕೂಡಲೇ ಮಕ್ಕಳ ಕಣ್ಣೆದುರು ನಾಯಕ ನಾಯಕಿ ಕುಣೀತಾರೆ, ಪ್ರಾರ್ಥನೆ ಹಿಂದೆ ಬೀಳ್ತದೆ.

ಪಾರ್ತಿಸುಬ್ಬನ ಊರು ಕುಂಬಳೆಯ ಸುತ್ತಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯಕ್ಷಗಾನದ ಭಾಗವತರು ಪ್ರಸಂಗ ನೋಡಿ ರಾಗ ಹಿಡೀತಾರೆ. ಮಗ ಸತ್ತ ತಾಯಿಯ ಪದ್ಯಕ್ಕೆ ಮದುವೆ ಮೆರವಣಿಗೆಯ ಧಾಟಿ ಎತ್ತಿದರೆ ಚೌಕಿಗೆ ಬರುವಷ್ಟರಲ್ಲಿ ಬೈಗುಳ ಕಾದಿರ್ತದೆ. ಆ ವಿವೇಕ ರಂಗಸ್ಥಳಕ್ಕೆ ಉಂಟಾದರೆ ದೇವರ ಮನೆಗೆ ಬೇಡವಾ?

ಇಷ್ಟು ಕತೆಯಿಂದ ನನಗೆ ಕಂಡ ಮೂರು ಪ್ರಶ್ನೆಗಳನ್ನು ಹಾಡಿನ ತಂಡದವರಿಗೆ ನಾನು ಹೇಳುವುದುಂಟು. ಒಂದು, ಇದನ್ನು ಹಿಂದಿನ ಬೆಂಚಿನ ಅಜ್ಜಿಯೂ ಎಂಟು ವರ್ಷದ ಮಗುವೂ ಹಾಡಬಹುದಾ, ಅಥವಾ ಮೈಕಿನ ಮುಂದಿನ ನಾಲ್ಕು ಜನ ಮಾತ್ರವಾ? ಲೂಥರ್ ಆಗಲಿ ಸ್ಟೀಫನ್ಸ್ ಆಗಲಿ ದುಡಿದದ್ದು ಎಲ್ಲರ ಬಾಯಿಗಾಗಿ. ಎರಡು, ಮಾತು ಕೇಳಿಸ್ತದಾ, ಕೇಳಿಸಿದ್ದು ಅರ್ಥ ಆಗ್ತದಾ? ಬಲ ಬಾಲವಾಗದ ಹಾಗೆ ಕೂತಿದೆಯಾ? ಮೂರು, ಧಾಟಿ ಕೇಳಿದಾಗ ಮನಸ್ಸಿಗೆ ಏನು ಬರ್ತದೆ, ಮತ್ತು ಅದು ಆ ದಿನಕ್ಕೆ, ಆ ಹೊತ್ತಿಗೆ ತಕ್ಕದ್ದಾ? ಈ ಮೂರಕ್ಕೆ ಹೌದು ಎಂದಾದರೆ ಧಾಟಿ ಜರ್ಮನಿಯದ್ದೋ ಜನಪದದ್ದೋ, ಹಳೆಯದೋ ಹೊಸದೋ, ಗಿಟಾರೋ ಹಾರ್ಮೋನಿಯಮ್ಮೋ ಎಂಬುದು ಆಮೇಲಿನ ಮಾತು. ಜೋರು ಸದ್ದಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ, ಮೊದಲ ಪ್ರಶ್ನೆಯಲ್ಲೇ ಅದು ಬಿದ್ದುಹೋಗ್ತದೆ.

ಗಡಿನಾಡಿನವರಾದ ನಮಗೆ ಇನ್ನೊಂದು ಚಿಂತೆ ಉಂಟು. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಕಚೇರಿಯ ಕಾಗದ ಮಲಯಾಳದಲ್ಲಿ, ಮಕ್ಕಳ ಪುಸ್ತಕ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಮೊಬೈಲಿನ ಹಾಡು ಯಾವ ಯಾವುದೋ ಭಾಷೆಯಲ್ಲಿ. ದೊಡ್ಡವರು ಸಣ್ಣವರು ಒಟ್ಟಿಗೆ ನಿಂತು, ಅಚ್ಚಾದ ಕನ್ನಡವನ್ನು ಕಣ್ಣಲ್ಲಿ ನೋಡಿ ಬಾಯಲ್ಲಿ ಹೇಳುವ ಜಾಗ ಎಷ್ಟು ಉಳಿದಿದೆ? ಶಾಲೆ, ಭಜನಾ ಮಂದಿರ, ಮತ್ತು ಕನ್ನಡ ಕೀರ್ತನೆ ಹಾಡುವ ಇಗರ್ಜಿ. ಶಾಲೆ ಹತ್ತು ವರ್ಷಕ್ಕೆ ಮುಗೀತದೆ, ಹಾಡಿನ ಪುಸ್ತಕ ಸಾಯುವ ತನಕ ಕೈಯಲ್ಲಿರ್ತದೆ. ಅದರಿಂದ ಒಂದು ಕನ್ನಡ ಹಾಡು ಬಿಟ್ಟುಹೋದರೆ ಅದರ ಜೊತೆ ಹತ್ತಿಪ್ಪತ್ತು ಮಾತೂ ಬಿಟ್ಟುಹೋಗ್ತದೆ. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನೇ ಬರೆದರು. ಆ ದುಃಖವನ್ನು, ಆ ಭಕ್ತಿಯನ್ನು ಹೇಳುವ ಶಕ್ತಿ ಈ ಮಣ್ಣಿನ ಕನ್ನಡಕ್ಕೆ ಉಂಟು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಇದನ್ನು ಭಾಷೆಯ ಜಗಳ ಮಾಡಬಾರದು, ಅದನ್ನೂ ಹೇಳಲೇಬೇಕು. ಒಂದೇ ಬೆಂಚಿನಲ್ಲಿ ಕೊಂಕಣಿಯವರು, ಕನ್ನಡದವರು, ಮಲಯಾಳದವರು ಕೂರ್ತಾರೆ. ಎಲ್ಲರಿಗೂ ಅರ್ಥವಾಗುವ ಹಾಗೆ ಹಾಡಬೇಕು ಅಂದ ಮೇಲೆ ಅವರವರ ಭಾಷೆಗೂ ಪಾಲು ಸಿಗಬೇಕು. ಕನ್ನಡದ ಪಾಲು ಯಾರೂ ಕೇಳದೆ ತಾನಾಗಿ ಕರಗಿಹೋಗದಿದ್ದರೆ ಸಾಕು.

ಹಾಗಾಗಿ ಶಾಲೆಯ ಮಾಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ವಿನಂತಿ. ಹಾಡಿನ ತಂಡದವರು ಚೀಟಿ ಹಿಡಿದು ಬಂದರೆ ಅಕ್ಷರ ಮಾತ್ರ ತಿದ್ದಿ ಕಳಿಸಬೇಡಿ, ಹಾಡಿಸಿ ಕೇಳಿ, ಹ್ರಸ್ವ ದೀರ್ಘ ಎಲ್ಲಿ ಕೆಡ್ತದೆ ನೋಡಿ. ಊರಿನವರಲ್ಲಿ ಇನ್ನೊಂದು: ನಿಮ್ಮ ಮನೆಯ ಹಿರಿಯರಿಗೆ ಬರುವ ಕೀರ್ತನೆ, ವೊವಿಯೊ, ಭಜನೆಯ ಪದ ಯಾವುದೇ ಇರಲಿ, ಮಕ್ಕಳ ಕೈಯಲ್ಲಿ ಒಂದು ನೋಟು ಪುಸ್ತಕಕ್ಕೆ ಬರೆಸಿಡಿ. ಯಾರು ಹಾಡಿದರು, ಯಾವ ಹೊತ್ತಿಗೆ ಹಾಡುವುದು ಅಂತಲೂ ಬರೆಸಿ. ಕ್ರಿಸ್ತಪುರಾಣ ನಮ್ಮ ತನಕ ಬಂದದ್ದು ಅಂಥ ಕೈಬರಹದಿಂದಲೇ. ಬರೆದ ಪುಸ್ತಕ ಇಡಲಿಕ್ಕೆ ನಮ್ಮ ವಾಚನಾಲಯದ ಕಪಾಟಿನಲ್ಲಿ ಜಾಗ ಉಂಟು.